ಬೆನ್ನಿಗೊಂದು ದೀಪ

ಧಾರವಾಡ ಸೀಮೆಯಲ್ಲಿ ಚಕ್ಕಡಿಯ ಕಾಲವನ್ನು ಕಂಡವರು ಇಂದಿಗೂ ಇದ್ದಾರೆ. ಹತ್ತಿಯ ಅಂಡಿಗೆಗಳನ್ನು ಹೇರಿಕೊಂಡು ನವಲಗುಂದ, ಅಣ್ಣಿಗೇರಿಗಳ ಎರೆಭೂಮಿಯಿಂದ ಹುಬ್ಬಳ್ಳಿಯ ಪೇಟೆಗೆ ಹೊರಟ ಚಕ್ಕಡಿಗಳ ಸಾಲು ಇರುಳೆಲ್ಲ ನಡೆಯುತ್ತಿತ್ತು. ಒಂದೊಂದು ಚಕ್ಕಡಿಯ ಅಚ್ಚಿನ ಕೆಳಗೂ ಒಂದೊಂದು ಕಂದೀಲು ತೂಗಾಡುತ್ತಿತ್ತು. ಆ ಕಂದೀಲು ಎತ್ತುಗಳಿಗೆ ದಾರಿ ತೋರಿಸುವುದಕ್ಕಾಗಿ ಇದ್ದುದಲ್ಲ. ಎತ್ತುಗಳಿಗೆ ದಾರಿ ಗೊತ್ತಿತ್ತು. ಎಷ್ಟೋ ಸಲ ಒಡೆಯನು ಅಂಡಿಗೆಗಳ ಮೇಲೆ ಮಲಗಿ ನಿದ್ರಿಸಿದರೂ ಅವು ತಮ್ಮ ಪಾಡಿಗೆ ತಾವು ನಡೆದು ಬೆಳಗಾಗುವುದರೊಳಗೆ ಪೇಟೆಯನ್ನು ಮುಟ್ಟಿಸುತ್ತಿದ್ದವು. ಕಂದೀಲು ಇದ್ದುದು ಇತರರಿಗಾಗಿ. "ಇಲ್ಲಿ ಒಂದು ಗಾಡಿ ಹೋಗುತ್ತಿದೆ, ನೋಡಿ ಬನ್ನಿ" ಎಂದು ಹಿಂದಿನಿಂದ ಬರುವವರಿಗೆ ತಿಳಿಸುವುದಷ್ಟೇ ಅದರ ಕೆಲಸವಾಗಿತ್ತು.

ಚಕ್ಕಡಿಯ ಜಾಗಕ್ಕೆ ಟ್ರ್ಯಾಕ್ಟರು ಬಂದಿತು. ಅದರ ಹಿಂದೆ ಕಬ್ಬಿಣದ ಟ್ರೇಲರ್ ಬಂದಿತು. ಈಗ ಅಮರಗೋಳದ ಕೃಷಿ ಮಾರುಕಟ್ಟೆಗೆ ಹತ್ತಿ, ಕಡಲೆ, ಉಳ್ಳಾಗಡ್ಡಿಗಳು ಬರುವುದೂ, ಕಲಘಟಗಿ, ಅಳ್ನಾವರಗಳ ಕಡೆಯ ಕಬ್ಬು ಹಳಿಯಾಳದ ಸಕ್ಕರೆ ಕಾರ್ಖಾನೆಗೆ ಹೋಗುವುದೂ ಬಹುಮಟ್ಟಿಗೆ ಈ ಟ್ರೇಲರುಗಳಲ್ಲಿಯೇ. ಹತ್ತು ಚಕ್ಕಡಿಗಳ ಹೊರೆಯನ್ನು ಒಂದೇ ಟ್ರೇಲರ್ ಎಳೆದೊಯ್ಯಬಲ್ಲದೆಂದು ರೈತನು ಸಂತೋಷಪಟ್ಟದ್ದು ಸಹಜವೇ. ಆದರೆ ಈ ಬದಲಾವಣೆಯಲ್ಲಿ ಒಂದು ವಸ್ತು ಮರೆತುಹೋಯಿತು. ಅಚ್ಚಿನ ಕೆಳಗಿನ ಕಂದೀಲು ಹೊಸ ಗಾಡಿಗೆ ಬರಲಿಲ್ಲ. ಟ್ರ್ಯಾಕ್ಟರಿನ ಮುಂದೆ ಎರಡು ಪ್ರಖರವಾದ ದೀಪಗಳಿದ್ದವು. ಅದರ ಬೆನ್ನಿಗೆ ಕಟ್ಟಿದ ಟ್ರೇಲರ್ ಮಾತ್ರ ಅನೇಕ ಕಡೆಗಳಲ್ಲಿ ಕತ್ತಲೆಯಲ್ಲಿಯೇ ಉಳಿಯಿತು.

ಎತ್ತಿಗೂ ಯಂತ್ರಕ್ಕೂ ಇರುವ ಇನ್ನೊಂದು ಭೇದವನ್ನು ಇಲ್ಲಿ ಗಮನಿಸಬೇಕು. ಎತ್ತುಗಳು ಹಿಂದಕ್ಕೆ ನಡೆಯಲು ಒಪ್ಪುವುದಿಲ್ಲ. ಚಕ್ಕಡಿಯನ್ನು ಹಿಂದೆ ಸರಿಸಬೇಕಾದರೆ ಸಾಮಾನ್ಯವಾಗಿ ನೊಗದಿಂದ ಎತ್ತುಗಳನ್ನು ಬಿಚ್ಚಿ, ಒಬ್ಬಿಬ್ಬರು ಮೂಕಿಯನ್ನು ಹಿಡಿದು, ಉಳಿದವರು ಗಾಲಿಗೆ ಕೈಕೊಟ್ಟು ನೂಕುತ್ತಿದ್ದರು. ನೂಕುವವರ ಕಣ್ಣುಗಳೆಲ್ಲ ಗಾಡಿಯ ಸುತ್ತಲೇ ಇರುತ್ತಿದ್ದವು. ಯಾರಾದರೂ ಅಡ್ಡ ಬಂದರೆ ಕೈ ಬಿಟ್ಟರಾಯಿತು, ಗಾಡಿ ನಿಂತಿತು. ಟ್ರ್ಯಾಕ್ಟರಿಗೆ ಹಾಗಲ್ಲ. ಗೇರಿನ ಹಿಡಿಯನ್ನು ಹಿಂದಿನ ಗೇರಿಗೆ ಬದಲಿಸಿದೊಡನೆ ಹಲವು ಟನ್ನುಗಳ ಭಾರವು ಹಿಂದಕ್ಕೆ ಹೊರಡುತ್ತದೆ. ಅದನ್ನು ನಡೆಸುವವನು ಆ ಭಾರದ ಮುಂದುಗಡೆಗೆ, ಏಳೆಂಟು ಮೀಟರ್ ದೂರದಲ್ಲಿ, ಯಂತ್ರದ ಗದ್ದಲದ ನಡುವೆ ಕುಳಿತಿರುತ್ತಾನೆ. ನಡುವೆ ಹತ್ತಿಯ ಗುಡ್ಡವೋ ಕಬ್ಬಿನ ಹೊರೆಯೋ ಅಡ್ಡವಾಗಿರುತ್ತದೆ.

ಆದುದರಿಂದ ಅವನ ಕಣ್ಣಾಗಿ ಮತ್ತೊಬ್ಬನು ಗಾಡಿಯ ಹಿಂದೆ ನಿಲ್ಲುವ ರೂಢಿ ಬಂದಿದೆ. "ಬರ್ಲಿ… ಬರ್ಲಿ… ಇನ್ನೂ ಬರ್ಲಿ… ಸಾಕ್!" ಎಂಬ ಕೂಗನ್ನು ಸುಗ್ಗಿಯ ದಿನಗಳಲ್ಲಿ ಮಾರುಕಟ್ಟೆಯ ಅಂಗಳದಲ್ಲಿ ಎಲ್ಲರೂ ಕೇಳಿರುತ್ತಾರೆ. ಬಸ್ ನಿಲ್ದಾಣದಲ್ಲಿ ಈ ಕೆಲಸವನ್ನು ಕಂಡಕ್ಟರನು ಸೀಟಿ ಊದಿ ಮಾಡುತ್ತಾನೆ. ಟ್ರೇಲರಿನ ಹಿಂದೆ ಮಾತ್ರ ಹೀಗೆ ಕೂಗುತ್ತ ನಿಲ್ಲುವವನು ಬಹಳ ಸಲ ರೈತನ ಮಗನೇ ಆಗಿರುತ್ತಾನೆ. ವಯಸ್ಸಿನಲ್ಲಿ ಒಂಬತ್ತನೆಯ ತರಗತಿಯ ವಿದ್ಯಾರ್ಥಿಗಿಂತ ಹಿರಿಯನೇನೂ ಅಲ್ಲ. ಹಗಲಿನಲ್ಲಿ ಇದು ನಡೆದೀತು. ರಾತ್ರಿಯಲ್ಲಿ ತಂದೆಗೆ ಮಗನು ಕಾಣುವುದಿಲ್ಲ, ಮಗನಿಗೆ ತನ್ನ ಹಿಂದೆ ಇರುವ ಕಲ್ಲು ಕಾಣುವುದಿಲ್ಲ. ಹಿಂದೆ ಹೆಜ್ಜೆಯಿಡುತ್ತ ಕೂಗುತ್ತಿರುವ ಹುಡುಗನು ಎಡವಿ ಬಿದ್ದರೆ ಕೂಗು ನಿಲ್ಲುತ್ತದೆ, ಟ್ರೇಲರ್ ನಿಲ್ಲುವುದಿಲ್ಲ. ಮಾರುಕಟ್ಟೆಯ ಅಂಗಳದಲ್ಲಿ ದಣಿದ ಹಮಾಲರು ಚೀಲಗಳ ಮಗ್ಗುಲಲ್ಲಿಯೇ ಮಲಗಿರುವುದುಂಟು. ಕಬ್ಬು ಕಡಿಯುವವರ ಕೂಸುಗಳು ಹೊಲದ ಬದುವಿನ ಮೇಲೆ ಮಲಗಿರುವುದೂ ಉಂಟು.

ಹಿಂದೆ ಸರಿಯುವ ಟ್ರೇಲರ್ ಯಾವ ಕಡೆಗೆ ಹೊರಳೀತು ಎಂಬುದನ್ನು ಊಹಿಸುವುದು ಕೂಡ ಸುಲಭವಲ್ಲ. ಟ್ರ್ಯಾಕ್ಟರ್ ಮತ್ತು ಟ್ರೇಲರುಗಳು ಒಂದು ಕೊಕ್ಕೆಯಲ್ಲಿ ಒಂದು ಗೂಟದಿಂದ ಸೇರಿರುತ್ತವೆ. ಎರಡು ಗಾಲಿಯ ಟ್ರೇಲರಿಗೆ ಅದರ ಅಚ್ಚೇ ತಿರುಗಣೆ. ಟ್ರ್ಯಾಕ್ಟರಿನ ಹಿಂಬದಿಯು ಎಡಕ್ಕೆ ಸರಿದರೆ ಟ್ರೇಲರಿನ ಮೂಕಿಯೂ ಎಡಕ್ಕೆ ಸರಿಯುತ್ತದೆ. ಆಗ ಅಚ್ಚಿನ ಆಚೆಗಿರುವ ಹಿಂಬದಿಯು ಬಲಕ್ಕೆ ತಿರುಗುತ್ತದೆ. ತಕ್ಕಡಿಯ ಒಂದು ತಟ್ಟೆ ಇಳಿದರೆ ಇನ್ನೊಂದು ಏರುವಂತೆಯೇ ಇದು. ತಿರುಗುವುದು ಒಂದು ಮಿತಿಯನ್ನು ಮೀರಿತೆಂದರೆ ಎರಡೂ ಮಡಚಿಕೊಂಡು, ಟ್ರೇಲರಿನ ಮೂಲೆಯು ಟ್ರ್ಯಾಕ್ಟರಿನ ದೊಡ್ಡ ಗಾಲಿಗೆ ಬಂದು ಒರಗುತ್ತದೆ. ಕಬ್ಬಿನ ಕಾಲದಲ್ಲಿ ಒಂದು ಟ್ರ್ಯಾಕ್ಟರಿಗೆ ಎರಡು ಟ್ರೇಲರುಗಳನ್ನು ಜೋಡಿಸುವುದುಂಟು. ಅಂಥ ಜೋಡಿಯನ್ನು ಹಿಂದಕ್ಕೆ ನಡೆಸುವ ಸಾಹಸಕ್ಕೆ ಬುದ್ಧಿಯುಳ್ಳ ಚಾಲಕನು ಕೈಹಾಕುವುದಿಲ್ಲ, ಒಂದನ್ನು ಬಿಚ್ಚಿಡುತ್ತಾನೆ.

ಹಾಗಾದರೆ ಬೆನ್ನಿಗೆ ಒಂದು ದೀಪವನ್ನು ಕಟ್ಟಿದರಾಯಿತಲ್ಲ ಎನ್ನಬಹುದು. ಹೌದು, ಕಟ್ಟಬೇಕು. ಆದರೆ ವಾಹನದ ದೀಪವೆಂಬುದು ಬರಿಯ ಬೆಳಕಲ್ಲ, ಅದೊಂದು ಭಾಷೆ. ಭಾಷೆಯಲ್ಲಿ ತಪ್ಪು ಮಾತಾಡಿದರೆ ಕತ್ತಲೆಗಿಂತ ಹೆಚ್ಚಿನ ಅನರ್ಥವಾಗುತ್ತದೆ.

ಈ ಭಾಷೆಯ ಅರ್ಥವನ್ನು ಹುಬ್ಬಳ್ಳಿಯವರಿಗೆ ಬೇರೆ ಹೇಳಬೇಕಾಗಿಲ್ಲ. ಅದು ರೈಲ್ವೆಯ ಊರು. 2003ರಿಂದ ನೈರುತ್ಯ ರೈಲ್ವೆಯ ಕೇಂದ್ರಸ್ಥಾನ. ಅಲ್ಲಿನ ನಿಲ್ದಾಣವನ್ನು ದಾಟುವ ಪ್ರತಿಯೊಂದು ಗಾಡಿಯ ಕೊನೆಯ ಡಬ್ಬಿಯ ಬೆನ್ನಿಗೆ ರಾತ್ರಿಯಲ್ಲಿ ಒಂದು ಕೆಂಪು ದೀಪವಿರುತ್ತದೆ. ಗಾಡಿ ಹೋಗುವಾಗ ರೈಲ್ವೆಯ ನೌಕರನು ಆ ದೀಪಕ್ಕಾಗಿಯೇ ಕಣ್ಣಿಟ್ಟು ನಿಂತಿರುತ್ತಾನೆ. ಅದು ಕಂಡರೆ ಗಾಡಿ ಇಡಿಯಾಗಿ ಬಂದಿತು, ಯಾವ ಡಬ್ಬಿಯೂ ಕೊಂಡಿ ಕಳಚಿಕೊಂಡು ಹಿಂದೆ ಉಳಿದಿಲ್ಲ ಎಂದು ಅರ್ಥ. ಕಾಣದಿದ್ದರೆ ಆ ಹಳಿಯ ಮೇಲೆ ಹಿಂದಿನ ಗಾಡಿಯನ್ನು ಬಿಡುವಂತಿಲ್ಲ. ಬೆರಳೆಣಿಕೆಯಷ್ಟು ವ್ಯಾಟಿನ ಒಂದು ದೀಪದ ಮಾತಿಗೆ ಎಷ್ಟು ಬೆಲೆ!

ರಸ್ತೆಯಲ್ಲಿಯೂ ಹಾಗೆಯೇ. ಬಿಳಿಯ ಬೆಳಕು ಎಂದರೆ "ನಿನ್ನ ಕಡೆಗೆ ಬರುತ್ತಿದ್ದೇನೆ" ಎಂದು. ಕೆಂಪು ಬೆಳಕು ಎಂದರೆ "ನಿನ್ನಿಂದ ಆಚೆಗೆ ಹೋಗುತ್ತಿದ್ದೇನೆ, ಇಲ್ಲವೆ ನಿಂತಿದ್ದೇನೆ" ಎಂದು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಹಿಂದಿನ ಕೆಂಪು ದೀಪವು 155 ಮೀಟರ್ ದೂರಕ್ಕೆ ಕಾಣಬೇಕೆಂದು ಹೇಳುತ್ತವೆ. ಈ ಅಂಕೆಯನ್ನು ಸ್ವಲ್ಪ ಲೆಕ್ಕ ಹಾಕಿ ನೋಡಬೇಕು. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಬರುವ ವಾಹನವು ಸೆಕೆಂಡಿಗೆ ಸುಮಾರು 17 ಮೀಟರ್ ಚಲಿಸುತ್ತದೆ. ಅಪಾಯವನ್ನು ಕಂಡು ಕಾಲು ಬ್ರೇಕನ್ನು ಒತ್ತುವಷ್ಟರಲ್ಲಿ ಒಂದೂವರೆ ಸೆಕೆಂಡು ಕಳೆಯಿತೆಂದರೆ 25 ಮೀಟರ್ ಹೋಯಿತು. ಬ್ರೇಕು ಹಿಡಿದು ನಿಲ್ಲುವಷ್ಟರಲ್ಲಿ ಇನ್ನೂ ಅಷ್ಟೇ ಹೋಗುತ್ತದೆ. ದೀಪವಿಲ್ಲದ ಟ್ರೇಲರ್ ಮೋಟಾರ್ ಸೈಕಲಿನ ಮಂದವಾದ ಬೆಳಕಿಗೆ ಮೂವತ್ತು ಮೀಟರಿನಷ್ಟು ಹತ್ತಿರದಲ್ಲಿ ಕಂಡರೆ, ಸವಾರನು ಎಷ್ಟೇ ಚತುರನಾದರೂ ಗಣಿತವು ಅವನನ್ನು ಕಾಪಾಡುವುದಿಲ್ಲ. ಕೆಂಪು ದೀಪವಿದ್ದರೆ ಅವನಿಗೆ ಒಂಬತ್ತು ಸೆಕೆಂಡು ದೊರೆಯುತ್ತವೆ.

ಕೆಂಪು ದೀಪಗಳು ಮೊದಲು. ಅವು ಇಲ್ಲದ ಟ್ರೇಲರಿಗೆ ಹಿನ್ನಡೆಯ ಬಿಳಿ ದೀಪವನ್ನು ಹಾಕುವುದು ಅಂಗಿಯಿಲ್ಲದವನು ರುಮಾಲು ಸುತ್ತಿದಂತೆ. ಅವೆರಡೂ ಇರುವ ಟ್ರೇಲರಿಗೆ ಬಿಳಿ ದೀಪವನ್ನು ಸೇರಿಸುವಾಗ ನೆನಪಿಡಬೇಕಾದ ನಿಯಮ ಒಂದೇ: ಗಾಡಿ ಹಿಂದಕ್ಕೆ ಸರಿಯುವಾಗ ಮಾತ್ರ ಅದು ಉರಿಯಬೇಕು. ಮುಂದೆ ಹೋಗುತ್ತಿರುವ ಗಾಡಿಯ ಬೆನ್ನಿನಲ್ಲಿ ಬಿಳಿ ಬೆಳಕು ಉರಿಯುತ್ತಿದ್ದರೆ, ಹಿಂದಿನಿಂದ ಬರುವವನಿಗೆ ಎದುರಿನಿಂದ ಯಾವುದೋ ವಾಹನ ಬರುತ್ತಿರುವಂತೆ ತೋರುತ್ತದೆ. ಕಣ್ಣು ಕುಕ್ಕಿ ರಸ್ತೆಯ ಅಂಚು ಕಾಣದಾಗುತ್ತದೆ. ಟ್ರ್ಯಾಕ್ಟರುಗಳ ಹಿಂಬದಿಯಲ್ಲಿ, ರಾತ್ರಿ ಉಳುವಾಗ ನೇಗಿಲಿನ ಮೇಲೆ ಬೆಳಕು ಬೀಳಲೆಂದು, ಒಂದು ಬಿಳಿ ದೀಪ ಇರುತ್ತದೆ. ಅದನ್ನೇ ಹೊತ್ತಿಸಿಕೊಂಡು ಹೆದ್ದಾರಿಯಲ್ಲಿ ಹೋಗುವವರಿದ್ದಾರೆ. ಟ್ರೇಲರ್ ಕಟ್ಟಿದ ಮೇಲೆ ಅದರಿಂದ ಹಿನ್ನಡೆಗೂ ಪ್ರಯೋಜನವಿಲ್ಲ. ಅದರ ಬೆಳಕೆಲ್ಲ ಟ್ರೇಲರಿನ ಮುಂದಿನ ಹಲಗೆಗೆ ಬಡಿದು ಅಲ್ಲಿಯೇ ಮುಗಿಯುತ್ತದೆ. ದೀಪದ ಬುಡದಲ್ಲಿಯೇ ಕತ್ತಲೆ ಎಂಬ ಮಾತು ಇಲ್ಲಿ ಅಕ್ಷರಶಃ ನಿಜ.

ಇನ್ನು ತಂತಿಯ ವಿಷಯ. ಹುಬ್ಬಳ್ಳಿಯ ಗೋಕುಲ ರಸ್ತೆಯಂಥ ಕಡೆಗಳಲ್ಲಿ ಈ ಕೆಲಸವನ್ನು ಬಲ್ಲ ಮಿಸ್ತ್ರಿಗಳಿಗೆ ಕೊರತೆಯಿಲ್ಲ. ಆದರೂ ಹಳ್ಳಿಯಲ್ಲಿ ಸಿಕ್ಕಿದ ತಂತಿಯನ್ನು ಸಿಕ್ಕಿದಲ್ಲಿಗೆ ಸುತ್ತಿ, ದೀಪವು ಮಿಣುಕಿತೆಂದರೆ ಸಾಕೆನ್ನುವವರೇ ಹೆಚ್ಚು. ದೀಪವು ಏಕೆ ಮಿಣುಕುತ್ತದೆ, ಏಕೆ ಬೆಳಗುವುದಿಲ್ಲ ಎಂಬುದನ್ನು ಸುಮಾರು ಇನ್ನೂರು ವರ್ಷಗಳ ಹಿಂದೆಯೇ ಒಬ್ಬ ಶಾಲಾ ಉಪಾಧ್ಯಾಯನು ಕಂಡುಹಿಡಿದಿದ್ದಾನೆ. ಜರ್ಮನಿಯ ಕೊಲೋನ್ ನಗರದ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಜಾರ್ಜ್ ಸೈಮನ್ ಓಮ್ 1827ರಲ್ಲಿ ಪ್ರಕಟಿಸಿದ ನಿಯಮವು ವಿಜ್ಞಾನದ ಪುಸ್ತಕದಲ್ಲಿ ಎಲ್ಲರಿಗೂ ಪರಿಚಿತವೇ. ವಾಹಕದ ಎರಡು ತುದಿಗಳ ನಡುವಿನ ವಿಭವಾಂತರವು ಪ್ರವಾಹ ಮತ್ತು ರೋಧಗಳ ಗುಣಲಬ್ಧಕ್ಕೆ ಸಮ ಎಂಬ ಆ ಒಂದು ಸಾಲು ಟ್ರೇಲರಿನ ಕೆಳಗೆ ಹೇಗೆ ಕೆಲಸ ಮಾಡುತ್ತದೆಯೆಂದು ನೋಡೋಣ.

ಟ್ರ್ಯಾಕ್ಟರಿನ ಬ್ಯಾಟರಿ 12 ವೋಲ್ಟಿನದು. ಹಿನ್ನಡೆಯ ದೀಪಕ್ಕೆ ಸಾಮಾನ್ಯವಾಗಿ 21 ವ್ಯಾಟಿನ ಬಲ್ಬನ್ನು ಹಾಕುತ್ತಾರೆ. ಇಪ್ಪತ್ತೊಂದನ್ನು ಹನ್ನೆರಡರಿಂದ ಭಾಗಿಸಿದರೆ ಒಂದು ಬಲ್ಬಿಗೆ 1.75 ಆಂಪಿಯರ್ ಪ್ರವಾಹ ಬೇಕು. ಹಿಂದಿನ ಹಲಗೆಯ ಕೆಳಗೆ ಎರಡು, ಗಾಲಿಗಳ ಬಳಿಯಲ್ಲಿ ಎರಡು, ಹೀಗೆ ನಾಲ್ಕು ದೀಪಗಳನ್ನು ಹಾಕಿದರೆ ಒಟ್ಟು 7 ಆಂಪಿಯರ್. ಬ್ಯಾಟರಿಯಿಂದ ಟ್ರೇಲರಿನ ತುದಿಗೆ 8 ಮೀಟರ್ ತಂತಿ ಬೇಕೆಂದುಕೊಳ್ಳೋಣ. ಅಗ್ಗವೆಂದು ಅರ್ಧ ಚದರ ಮಿಲಿಮೀಟರ್ ದಪ್ಪದ ತಾಮ್ರದ ತಂತಿಯನ್ನು ತಂದರೆ ಆ ಎಂಟು ಮೀಟರಿನ ರೋಧವು ಸುಮಾರು 0.275 ಓಮ್ ಆಗುತ್ತದೆ. ಕಾಲು ಓಮ್ ಎಂದರೆ ಎಷ್ಟು ಮಹಾ ಎನ್ನಿಸಬಹುದು. ಆದರೆ ಏಳು ಆಂಪಿಯರಿನಿಂದ ಗುಣಿಸಿದರೆ ಸುಮಾರು 1.9 ವೋಲ್ಟು ತಂತಿಯಲ್ಲಿಯೇ ಕಳೆದುಹೋಯಿತು! ಬಲ್ಬಿಗೆ ದೊರೆತದ್ದು ಹತ್ತು ವೋಲ್ಟು ಮಾತ್ರ. ಹತ್ತು ವೋಲ್ಟಿಗೆ ಹನ್ನೆರಡರಲ್ಲಿ ಹತ್ತರಷ್ಟು ಬೆಳಕು ಬರುತ್ತದೆಂದು ತಿಳಿದರೆ ಅದೂ ತಪ್ಪು. ಬಲ್ಬಿನ ತಂತುವು ಸ್ವಲ್ಪ ತಣ್ಣಗಾದರೂ ಅದರ ಬೆಳಕು ಬಹಳ ಬೇಗ ಕುಗ್ಗುತ್ತದೆ. ಹತ್ತು ವೋಲ್ಟಿನಲ್ಲಿ ಅದು ಹೆಚ್ಚುಕಡಿಮೆ ಅರ್ಧಕ್ಕೆ ಇಳಿದು ಹಳದಿಯಾಗುತ್ತದೆ. ಅದೇ ಕೆಲಸಕ್ಕೆ ಎರಡೂವರೆ ಚದರ ಮಿಲಿಮೀಟರ್ ತಂತಿಯನ್ನು ಎಳೆದರೆ ರೋಧವು ಐದರಲ್ಲಿ ಒಂದು ಪಾಲಾಗುತ್ತದೆ; ನಷ್ಟ 0.4 ವೋಲ್ಟಿಗಿಂತ ಕಡಿಮೆ. ಮಂಕು ದೀಪವನ್ನು ಕಂಡು ದೊಡ್ಡ ಬಲ್ಬನ್ನು ತಂದು ಹಾಕುವವರು ಪ್ರವಾಹವನ್ನು ಹೆಚ್ಚಿಸಿ ನಷ್ಟವನ್ನೂ ಹೆಚ್ಚಿಸಿಕೊಳ್ಳುತ್ತಾರೆ, ತಂತಿಯನ್ನೂ ಬಿಸಿ ಮಾಡುತ್ತಾರೆ. ಒಣಗಿದ ಹತ್ತಿಯ ಕೆಳಗೆ ಬಿಸಿಯಾದ ತಂತಿ ಇರುವುದು ಯಾರಿಗೂ ಬೇಡ. ಆದುದರಿಂದಲೇ ಬ್ಯಾಟರಿಯ ಸಮೀಪದಲ್ಲಿ, ತಂತಿ ಹೊರಡುವ ಜಾಗದಲ್ಲಿಯೇ, 10 ಆಂಪಿಯರಿನ ಒಂದು ಫ್ಯೂಸು ಇರಬೇಕು. ಎಲ್ಲಿಯಾದರೂ ತಂತಿಯ ಹೊದಿಕೆ ಸವೆದು ಕಬ್ಬಿಣಕ್ಕೆ ತಾಗಿದರೆ ಫ್ಯೂಸು ತಾನು ಸುಟ್ಟು ಗಾಡಿಯನ್ನು ಉಳಿಸುತ್ತದೆ. ಸುಟ್ಟ ಫ್ಯೂಸಿನ ಜಾಗಕ್ಕೆ ಸಿಗರೇಟಿನ ಬೆಳ್ಳಿ ಕಾಗದವನ್ನು ಸುತ್ತಿಡುವ ಜಾಣರು ಎಲ್ಲ ಊರಿನಲ್ಲಿಯೂ ಇದ್ದಾರೆ.

ಏಳು ಆಂಪಿಯರ್ ಪ್ರವಾಹವನ್ನು ಚಾಲಕನ ಮುಂದಿನ ಚಿಕ್ಕ ಸ್ವಿಚ್ಚಿನ ಮೂಲಕ ಹರಿಸಿದರೆ ಅದರ ತುಟಿಗಳು ಕ್ರಮೇಣ ಸುಟ್ಟುಹೋಗುತ್ತವೆ. ಇದಕ್ಕೆ ಪರಿಹಾರವೇ ರಿಲೇ. ಸಣ್ಣ ಡಬ್ಬಿಯೊಳಗೆ ಒಂದು ತಂತಿಯ ಸುರುಳಿ, ಒಂದು ಕಬ್ಬಿಣದ ತುಂಡು, ಒಂದು ಸಂಪರ್ಕದ ಪಟ್ಟಿ. ಸ್ವಿಚ್ಚಿನಿಂದ ಬರುವ ಅಲ್ಪ ಪ್ರವಾಹವು ಸುರುಳಿಯನ್ನು ಕಾಂತವನ್ನಾಗಿ ಮಾಡುತ್ತದೆ. ಕಾಂತವು ಪಟ್ಟಿಯನ್ನು ಸೆಳೆಯುತ್ತದೆ. ಪಟ್ಟಿಯು ಬ್ಯಾಟರಿಯಿಂದ ನೇರವಾಗಿ ಬಂದ ದಪ್ಪ ತಂತಿಯನ್ನು ದೀಪದ ತಂತಿಗೆ ಸೇರಿಸುತ್ತದೆ. ಅಮೆರಿಕದ ಜೋಸೆಫ್ ಹೆನ್ರಿ ಎಂಬ ವಿಜ್ಞಾನಿ 1835ರ ಸುಮಾರಿಗೆ ಮಾಡಿ ತೋರಿಸಿದ ಈ ಉಪಾಯ ಮೊದಲು ತಂತಿ ವಾರ್ತೆಗೆ ಉಪಯೋಗವಾಯಿತು. ಕಾರುಗಳಲ್ಲಿಯೂ ಬಸ್ಸುಗಳಲ್ಲಿಯೂ ಸ್ವಿಚ್ಚು ಗೇರಿನ ಪೆಟ್ಟಿಗೆಯಲ್ಲಿಯೇ ಅಡಗಿರುತ್ತದೆ. ಹಿಂದಿನ ಗೇರು ಬಿದ್ದೊಡನೆ ದೀಪವು ತಾನಾಗಿ ಹೊತ್ತಿಕೊಳ್ಳುತ್ತದೆ, ಗೇರು ಬದಲಾದೊಡನೆ ಆರುತ್ತದೆ. ಟ್ರ್ಯಾಕ್ಟರಿನಲ್ಲಿ ಅಂಥ ಏರ್ಪಾಡು ಇಲ್ಲದಿದ್ದರೆ ಗೇರಿನ ಹಿಡಿಯ ಬಳಿ ಒಂದು ಒತ್ತುಗುಂಡಿಯ ಸ್ವಿಚ್ಚನ್ನು ಕೂಡಿಸಬೇಕು. ಅದೂ ಆಗದಿದ್ದರೆ ಕೈಯಿಂದ ಹಾಕುವ ಸ್ವಿಚ್ಚೇ ಗತಿ. ಆಗ ಚಾಲಕನ ಕಣ್ಣೆದುರಿನಲ್ಲಿ ಒಂದು ಚಿಕ್ಕ ಸೂಚನಾ ದೀಪ ಇರಲೇಬೇಕು. ಮನುಷ್ಯನು ಮರೆಯುತ್ತಾನೆ, ಮರೆತು ಹೆದ್ದಾರಿಗೆ ಹೋದರೆ ಆಗುವುದೇನೆಂಬುದನ್ನು ಮೇಲೆ ಹೇಳಿಯಾಗಿದೆ.

ಟ್ರ್ಯಾಕ್ಟರಿನಿಂದ ಟ್ರೇಲರಿಗೆ ವಿದ್ಯುತ್ತನ್ನು ದಾಟಿಸುವುದು ಏಳು ಪಿನ್ನುಗಳ ಒಂದು ಸಾಕೆಟ್ಟು. ಹೊಸದಾಗಿ ದೀಪ ಹಾಕುವವರು ಇಲ್ಲಿ ಒಮ್ಮೆ ಬೆಪ್ಪಾಗುತ್ತಾರೆ. ಬಹುಕಾಲದಿಂದ ರೂಢಿಯಲ್ಲಿರುವ ಹನ್ನೆರಡು ವೋಲ್ಟಿನ ಏಳು ಪಿನ್ನುಗಳಲ್ಲಿ ತಿರುವಿನ ದೀಪಗಳಿಗೆ ಎರಡು, ಹಿಂದಿನ ಕೆಂಪು ದೀಪಗಳಿಗೆ ಎರಡು, ಬ್ರೇಕಿನ ದೀಪಕ್ಕೆ ಒಂದು, ಮಂಜಿನಲ್ಲಿ ಉರಿಸುವ ದೀಪಕ್ಕೆ ಒಂದು, ಮರಳಿ ಬರುವ ದಾರಿಗೆ ಒಂದು, ಏಳೂ ಮುಗಿದವು. ಹಿನ್ನಡೆಯ ದೀಪಕ್ಕೆ ಸ್ಥಳವೇ ಇಲ್ಲ! ಅದಕ್ಕೆ ಬೇರೆ ತಂತಿಯನ್ನೂ ಬೇರೆ ಜೋಡಣೆಯನ್ನೂ ಮಾಡಬೇಕಾಗುತ್ತದೆ.

ಮರಳಿ ಬರುವ ದಾರಿ ಎಂದೆವಷ್ಟೆ. ಟ್ರೇಲರಿನ ದೀಪಗಳ ರೋಗಗಳಲ್ಲಿ ಬಹುಪಾಲು ಇಲ್ಲಿಯೇ ಹುಟ್ಟುತ್ತವೆ. ಆದುದರಿಂದ ಇಲ್ಲಿ ಸ್ವಲ್ಪ ನಿಂತು ನೋಡುವುದು ಒಳ್ಳೆಯದು. ಬ್ಯಾಟರಿಯಿಂದ ಹೊರಟ ಪ್ರವಾಹವು ಬಲ್ಬಿನ ಮೂಲಕ ಹಾದು ಬ್ಯಾಟರಿಗೆ ಹಿಂತಿರುಗಿದರೆ ಮಾತ್ರ ದೀಪ ಉರಿಯುತ್ತದೆ. ವಾಹನಗಳಲ್ಲಿ ಹಿಂತಿರುಗುವುದಕ್ಕೆ ಪ್ರತ್ಯೇಕ ತಂತಿಯನ್ನು ಎಳೆಯದೆ ಗಾಡಿಯ ಕಬ್ಬಿಣದ ಮೈಯನ್ನೇ ಬಳಸುತ್ತಾರೆ. ಗ್ಯಾರೇಜಿನವರು ಇದಕ್ಕೆ ಅರ್ಥಿಂಗ್ ಎನ್ನುತ್ತಾರೆ, ಎಂದರೆ ಭೂಮಿಗೆ ಸೇರಿಸುವುದು. ರಬ್ಬರಿನ ಗಾಲಿಗಳ ಮೇಲೆ ನಿಂತ ಗಾಡಿಗೂ ಭೂಮಿಗೂ ಇಲ್ಲಿ ಯಾವ ಸಂಬಂಧವೂ ಇಲ್ಲ. ಮನೆಯ ವಿದ್ಯುತ್ತಿನಿಂದ ಬಂದ ಹೆಸರು ಗಾಡಿಗೂ ಅಂಟಿಕೊಂಡಿದೆ, ಅಷ್ಟೆ. ಕಾರಿನ ಮೈ ಒಂದೇ ತುಂಡು. ಟ್ರೇಲರಾದರೋ ಟ್ರ್ಯಾಕ್ಟರಿಗೆ ಒಂದು ಗೂಟದಿಂದ ಮಾತ್ರ ತಾಗಿರುತ್ತದೆ. ಆ ಗೂಟಕ್ಕೆ ತುಕ್ಕು ಹಿಡಿದಿರುತ್ತದೆ, ಗ್ರೀಸು ಮೆತ್ತಿರುತ್ತದೆ, ಎರೆಮಣ್ಣಿನ ಕೆಸರು ಒಣಗಿರುತ್ತದೆ. ಗಾಡಿ ಕುಲುಕಿದಾಗಲೆಲ್ಲ ಸಂಪರ್ಕವು ಕೂಡುತ್ತದೆ, ಬಿಡುತ್ತದೆ.

ಮರಳುವ ದಾರಿ ಮುಚ್ಚಿಹೋದಾಗ ನಡೆಯುವ ಒಂದು ಚೋದ್ಯವನ್ನು ಅನೇಕ ಚಾಲಕರು ಕಂಡಿರುತ್ತಾರೆ. ಹಿನ್ನಡೆಯ ಬಿಳಿ ದೀಪದ ಸ್ವಿಚ್ಚನ್ನು ಹಾಕಿದರೆ ಬಿಳಿ ದೀಪವು ಹೊತ್ತುವುದಿಲ್ಲ. ಹೊತ್ತಿಸದಿರುವ ಕೆಂಪು ದೀಪಗಳು ಮಂಕಾಗಿ ಮಿಣುಕುತ್ತವೆ! ದೆವ್ವದ ಕಾಟವೆಂದು ಯಾರೂ ಹೇಳುವುದಿಲ್ಲವಾದರೂ, ತಂತಿ ಅದಲುಬದಲಾಗಿದೆಯೆಂದು ತಿಳಿದು ಸರಿಯಾಗಿದ್ದುದನ್ನೆಲ್ಲ ಬಿಚ್ಚಿ ಕೆಡಿಸಿಕೊಂಡವರು ಇದ್ದಾರೆ. ನಿಜವಾದ ಕಾರಣ ಹೀಗಿದೆ. ಬಿಳಿ ಬಲ್ಬಿನ ಮೂಲಕ ಹಾದು ಟ್ರೇಲರಿನ ಮೈಗೆ ಬಂದ ಪ್ರವಾಹಕ್ಕೆ ಗೂಟದ ದಾರಿ ಮುಚ್ಚಿರುತ್ತದೆ. ಆದರೆ ಕೆಂಪು ಬಲ್ಬುಗಳ ಒಂದು ತುದಿಯೂ ಅದೇ ಮೈಗೆ ಸೇರಿದೆ. ಆ ತುದಿಯಿಂದ ಪ್ರವಾಹವು ಕೆಂಪು ಬಲ್ಬಿನೊಳಗೆ ಹಿಮ್ಮುಖವಾಗಿ ಹೊಕ್ಕು, ಅದರ ತಂತಿಯನ್ನು ಹಿಡಿದು ಟ್ರ್ಯಾಕ್ಟರಿಗೆ ಬಂದು, ಅಲ್ಲಿ ಅದೇ ತಂತಿಗೆ ಸೇರಿರುವ ಟ್ರ್ಯಾಕ್ಟರಿನ ಕೆಂಪು ದೀಪದ ಮೂಲಕ ಇಳಿದು ಬ್ಯಾಟರಿಯನ್ನು ಸೇರುತ್ತದೆ. ಹಳ್ಳ ಬಂದು ಸೇತುವೆ ಮುಳುಗಿದರೆ ಊರ ಸಂತೆಗೆ ಹೊರಟವರು ಹೊಲದ ಬದುವಿನ ಮೇಲೆ ಸುತ್ತಿ ಬರುವುದಿಲ್ಲವೇ, ಹಾಗೆ. ಈ ಸುತ್ತುದಾರಿಯಲ್ಲಿ ಬಲ್ಬುಗಳೆಲ್ಲ ಸರಣಿಯಲ್ಲಿ ನಿಂತಿವೆ. 5 ವ್ಯಾಟಿನ ಕೆಂಪು ಬಲ್ಬುಗಳ ರೋಧ ಹೆಚ್ಚು, 21 ವ್ಯಾಟಿನ ಬಿಳಿ ಬಲ್ಬಿನ ರೋಧ ಬಹಳ ಕಡಿಮೆ. ಇದ್ದ ವೋಲ್ಟನ್ನೆಲ್ಲ ಕೆಂಪು ಬಲ್ಬುಗಳೇ ಹಂಚಿಕೊಂಡು ಮಂಕಾಗಿ ಉರಿಯುತ್ತವೆ. ಬಿಳಿ ಬಲ್ಬಿಗೆ ಉಳಿಯುವುದು ಚೂರುಪಾರು. ಕತ್ತಲೆಯಲ್ಲಿ ಹಿಂದಕ್ಕೆ ಸರಿಯುತ್ತಿರುವ ಗಾಡಿಯು ತನ್ನ ಬೆನ್ನಿನಲ್ಲಿ ಕೆಂಪು ತೋರಿಸಿ, "ನಿಂತಿದ್ದೇನೆ" ಎಂದು ಸುಳ್ಳು ಹೇಳುತ್ತಿರುತ್ತದೆ.

ಔಷಧಿ ಸರಳ. ಗೂಟವನ್ನು ನಂಬದೆ, ಹೋಗುವ ತಂತಿಯಷ್ಟೇ ದಪ್ಪನಾದ ಇನ್ನೊಂದು ತಂತಿಯನ್ನು ದೀಪಗಳಿಂದ ಬ್ಯಾಟರಿಯ ಋಣ ತುದಿಯವರೆಗೆ ಎಳೆಯಬೇಕು. ಟ್ರೇಲರಿನ ಚಾಸಿಗೆ ತಿರುಪಿನಿಂದ ಅದನ್ನು ಬಿಗಿಯುವಲ್ಲಿ ಬಣ್ಣವನ್ನು ಕೆರೆದು ಕಬ್ಬಿಣವನ್ನು ಹೊಳೆಯುವಂತೆ ಮಾಡಿ, ಬಿಗಿದ ಮೇಲೆ ಸ್ವಲ್ಪ ಗ್ರೀಸನ್ನು ಸವರಬೇಕು. ಬಣ್ಣದ ಮೇಲೆಯೇ ಬಿಗಿದ ತಿರುಪು ನೋಟಕ್ಕೆ ಮಾತ್ರ ತಿರುಪು.

ತಂತಿಗಳು ಸಾಗುವ ದಾರಿಯೂ ಮುಖ್ಯ. ಕಬ್ಬಿಣದ ತೂತಿನ ಮೂಲಕ ಹಾಯುವಲ್ಲಿ ರಬ್ಬರಿನ ಬಳೆ, ಉಳಿದೆಡೆ ಕೊಳವೆ ಇರಬೇಕು. ಇಲಿಗಳಿಗೆ ಕಡಲೆಯ ರುಚಿಯಂತೆಯೇ ತಂತಿಯ ಹೊದಿಕೆಯ ರುಚಿಯೂ ಗೊತ್ತು. ಬರಿಯ ಟೇಪು ಸುತ್ತಿದ ಗಂಟುಗಳು ಮಳೆಗಾಲವೊಂದನ್ನು ಕಳೆಯುವುದೂ ಕಷ್ಟ. ಬೆಸುಗೆ ಹಾಕಿಯೋ ತುದಿಗಳನ್ನು ಅದುಮಿಯೋ ಸೇರಿಸಬೇಕು. ಸರಕನ್ನು ಸುರಿಯಲು ಮೇಲೇಳುವ ಟ್ರೇಲರಾದರೆ ಕೀಲಿನ ಬಳಿ ತಂತಿಯು ಸಡಿಲವಾಗಿ ಒಂದು ಸುತ್ತು ಜೋತಿರಬೇಕು. ಇದನ್ನು ಮರೆತವನ ತಂತಿಯು ಮೊದಲ ಸಲ ಮರಳು ಸುರಿದ ದಿನವೇ ಹರಿಯುತ್ತದೆ.

ಈಚೆಗೆ ಎಲ್‌ಇಡಿ ದೀಪಗಳು ಬಂದಿರುವುದರಿಂದ ಮೇಲಿನ ಲೆಕ್ಕಗಳು ಸ್ವಲ್ಪ ಹಗುರಾಗಿವೆ. 21 ವ್ಯಾಟಿನ ಬಲ್ಬಿನ ಬೆಳಕನ್ನು ಅವು ಐದಾರು ವ್ಯಾಟಿನಲ್ಲಿಯೇ ಕೊಡಬಲ್ಲವು. ಕುಲುಕಾಟಕ್ಕೆ ತುಂಡಾಗುವ ತಂತು ಅವುಗಳಲ್ಲಿಲ್ಲ. ಧನ ಋಣಗಳನ್ನು ಅದಲುಬದಲು ಮಾಡಿದರೆ ಮಾತ್ರ ಉರಿಯವು. ಕಣ್ಣು ಕೋರೈಸುವ ಅಗ್ಗದ ಎಲ್‌ಇಡಿ ಪಟ್ಟಿಗಳನ್ನು ಟ್ರೇಲರಿನ ಬೆನ್ನಿಗೆಲ್ಲ ಹೊಡೆದು ಜಾತ್ರೆಯ ತೇರಿನಂತೆ ಮಾಡುವುದು ಬೇರೆಯೇ ಒಂದು ರೋಗ.

ದೀಪಗಳ ಸ್ಥಾನವನ್ನು ಆರಿಸುವಾಗ ಕಾಣಬೇಕಾದುದು ಏನು ಎಂದು ಮೊದಲು ಕೇಳಿಕೊಳ್ಳಬೇಕು. ಕಾಣಬೇಕಾದುದು ನೆಲ ಮತ್ತು ನೆಲದ ಮೇಲಿರುವ ಮನುಷ್ಯ. ಹಿನ್ನಡೆಯ ದೀಪವು ನೆಲದಿಂದ ಕಾಲು ಮೀಟರಿಗಿಂತ ಕೆಳಗೆ ಇರಬಾರದು, 1.2 ಮೀಟರಿಗಿಂತ ಮೇಲೆಯೂ ಇರಬಾರದು ಎಂದು ವಾಹನಗಳ ಅಂತರರಾಷ್ಟ್ರೀಯ ನಿಯಮವೊಂದು ಹೇಳುತ್ತದೆ. ಟ್ರೇಲರಿನ ಹಿಂದಿನ ಹಲಗೆಯ ಕೆಳಗಿನ ಅಡ್ಡಪಟ್ಟಿಯು ಬಹುಮಟ್ಟಿಗೆ ಈ ಎತ್ತರದಲ್ಲಿಯೇ ಇರುತ್ತದೆ. ಪಟ್ಟಿಯ ಹೊರಗೆ ಚಾಚದೆ ಸ್ವಲ್ಪ ಒಳಸರಿದು, ಮುಖವನ್ನು ತುಸು ನೆಲಕ್ಕೆ ಬಾಗಿಸಿದರೆ, ಹಲಗೆ ಬಿದ್ದಾಗ ದೀಪ ಒಡೆಯುವುದಿಲ್ಲ, ಎದುರಿನವನ ಕಣ್ಣಿಗೂ ಹೊಡೆಯುವುದಿಲ್ಲ. ಗಾಲಿಗಳ ಮುಂದೆ, ಚಾಸಿಗೆ ಅಂಟಿಸಿದಂತೆ ಎರಡು ದೀಪಗಳನ್ನು ಹಿಮ್ಮುಖವಾಗಿ ಹಾಕಿದರೆ ಇನ್ನೂ ಒಂದು ಲಾಭವುಂಟು: ಚಾಲಕನು ತಿರುಗಿ ನೋಡಿದಾಗ ಅಥವಾ ಕನ್ನಡಿಯಲ್ಲಿ ನೋಡಿದಾಗ ಗಾಲಿಯ ಪಕ್ಕದ ನೆಲವು ಬೆಳಗಿ, ಟ್ರೇಲರ್ ಯಾವ ಕಡೆಗೆ ಹೊರಳುತ್ತಿದೆಯೆಂಬುದು ಅವನಿಗೆ ಮೊದಲೇ ತಿಳಿಯುತ್ತದೆ.

ಇಷ್ಟೆಲ್ಲ ಏತಕ್ಕೆ, ಹಿಂದುಗಡೆ ಒಂದು ರೇಡಿಯಂ ಪಟ್ಟಿ ಅಂಟಿಸಿದರೆ ಸಾಲದೇ ಎಂಬ ಪ್ರಶ್ನೆಯೊಂದು ಉಳಿದಿದೆ. ಆ ಪಟ್ಟಿಯಲ್ಲಿ ರೇಡಿಯಂ ಇಲ್ಲ. ಕ್ಯೂರಿ ದಂಪತಿಗಳು 1898ರಲ್ಲಿ ಕಂಡುಹಿಡಿದ ರೇಡಿಯಂ ಒಂದು ಕಾಲದಲ್ಲಿ ಗಡಿಯಾರದ ಮುಳ್ಳುಗಳನ್ನು ಕತ್ತಲೆಯಲ್ಲಿ ಹೊಳೆಯುವಂತೆ ಮಾಡುತ್ತಿತ್ತು. ಆ ನೆನಪಿನಿಂದ ಹೆಸರು ಬಂದಿರಬೇಕು. ಪಟ್ಟಿಯೊಳಗಿರುವುದು ಬರಿಯ ಕಣ್ಣಿಗೆ ಕಾಣದಷ್ಟು ಚಿಕ್ಕದಾದ ಗಾಜಿನ ಮಣಿಗಳು, ಇಲ್ಲವೆ ಮೂರು ಮುಖ ಕೂಡುವ ಸಣ್ಣ ಮೂಲೆಗಳು. ಅವು ತಮ್ಮ ಮೇಲೆ ಬಿದ್ದ ಬೆಳಕನ್ನು ಕನ್ನಡಿಯಂತೆ ಬೇರೆ ದಿಕ್ಕಿಗೆ ಎಸೆಯದೆ, ಬಂದ ದಾರಿಯಲ್ಲಿಯೇ ಹಿಂದಕ್ಕೆ ಕಳಿಸುತ್ತವೆ. ಹೆದ್ದಾರಿಯಲ್ಲಿ ಹಿಂದಿನಿಂದ ಬರುವ ಲಾರಿಯ ದೀಪಕ್ಕೆ ಅವು ಚೆನ್ನಾಗಿ ಹೊಳೆಯುತ್ತವೆ. ದೀಪಗಳೆಲ್ಲ ಕೆಟ್ಟು ನಿಂತ ಗಾಡಿಯನ್ನು ಎಷ್ಟೋ ಸಲ ಅವೇ ಉಳಿಸುತ್ತವೆ. ಆದುದರಿಂದ ಅವೂ ಇರಲಿ. ವಾರಕ್ಕೊಮ್ಮೆ ಕೆಸರನ್ನು ಒರೆಸಿದರೆ ಸಾಕು. ಆದರೆ ಮಾರುಕಟ್ಟೆಯ ಮೂಲೆಯಲ್ಲಿ ಮಲಗಿದ ಹಮಾಲನ ಕೈಯಲ್ಲಿ ದೀಪವಿಲ್ಲ, ಬದುವಿನ ಮೇಲಿನ ಕೂಸಿನ ಬಳಿಯಲ್ಲಿಯೂ ಇಲ್ಲ. ಅವರ ಕಡೆಗೆ ಸರಿದು ಬರುವ ಗಾಡಿಯೇ ಬೆಳಕನ್ನು ತರಬೇಕು.

ಬೆಳಕು ಬಂದ ಮೇಲೆ ಕೂಗುವ ಹುಡುಗನು ನಿಲ್ಲುವ ಜಾಗವೂ ಬದಲಾಗುತ್ತದೆ. ಅವನು ಗಾಡಿಯ ನೇರ ಹಿಂದೆ ನಿಲ್ಲಬೇಕಾಗಿಲ್ಲ. ಚಾಲಕನ ಬದಿಗೆ, ಹಿಂದಿನ ಮೂಲೆಯಿಂದ ನಾಲ್ಕಾರು ಹೆಜ್ಜೆ ಹೊರಗೆ, ಬೆಳಗಿದ ನೆಲದ ಅಂಚಿನಲ್ಲಿ ನಿಂತು ಕೈಯಿಂದ ಸನ್ನೆ ಮಾಡಿದರೆ ಸಾಕು. ತಂದೆಯ ಕಣ್ಣಿಗೆ ಅವನು ಕಾಣುತ್ತಿರುತ್ತಾನೆ. ಕಾಣದಾದ ಕ್ಷಣದಲ್ಲಿ ಬ್ರೇಕನ್ನು ಒತ್ತುವುದು ತಂದೆಯ ಕೆಲಸ.

ದೀಪಗಳು ಸರಿಯಾಗಿವೆಯೇ ಎಂದು ನೋಡಲು ಗಾಡಿಯಿಂದ ಇಳಿಯಲೂ ಬೇಕಾಗಿಲ್ಲ. ಸಂಜೆ ಹೊರಡುವ ಮುನ್ನ ಟ್ರೇಲರಿನ ಬೆನ್ನನ್ನು ಮನೆಯ ಸುಣ್ಣದ ಗೋಡೆಗೆ ನಾಲ್ಕು ಮೀಟರ್ ದೂರದಲ್ಲಿ ನಿಲ್ಲಿಸಿ ಸ್ವಿಚ್ಚನ್ನು ಹಾಕಿದರೆ ಗೋಡೆಯ ಮೇಲೆ ಹಿಂದಿನ ದೀಪಗಳ ಎರಡು ಬೆಳ್ಳಗಿನ ವೃತ್ತಗಳು ಮೂಡುತ್ತವೆ. ಎರಡೂ ಸಮನಾಗಿದ್ದರೆ ಹೊರಡಬಹುದು. ಒಂದು ಮಂಕಾಗಿದ್ದರೆ ಮೊದಲು ಬಿಚ್ಚಿ ನೋಡಬೇಕಾದುದು ಬಲ್ಬನ್ನಲ್ಲ, ಆ ದೀಪದ ಅರ್ಥಿಂಗಿನ ತಿರುಪನ್ನು.